ನೋಡ್ ಪಟ್ಟಿಗೆ ಸರ್ವರ್ ಬೇಡ, 56 ಅಕ್ಷರ ಸಾಕು

ಮನೆಯಿಂದ ಮನೆಗೆ ನೇರ ಫೈಲ್ ಹಂಚುವುದು ಸರ್ವರ್ ಇಲ್ಲದೆ ನಡೆಯುವುದಿಲ್ಲ ಅಂತ ನಮ್ಮ ಬಳಗದವರೆಲ್ಲ ಹೇಳಿದ್ದರು. ಈಗ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಮಂಜೇಶ್ವರದ ಇಪ್ಪತ್ತರ ಹತ್ತಿರ ಮನೆಗಳ ನಡುವೆ ತಾಳಮದ್ದಳೆ ರೆಕಾರ್ಡಿಂಗ್‌ಗಳು ಓಡಾಡುತ್ತಿವೆ. ಯಾರ ನೋಡ್, ಅಂದರೆ ಜಾಲಕ್ಕೆ ಸೇರಿದ ಕಂಪ್ಯೂಟರ್, ಎಲ್ಲಿದೆ ಅನ್ನುವ ಪಟ್ಟಿ ನನ್ನ ಹತ್ತಿರವೂ ಇಲ್ಲ.

ಮೊದಲು ಎಲ್ಲರ ಮಾತು ಕೇಳಿ ಆ ಪಟ್ಟಿ ಇಡಲು ಬಾಡಿಗೆ ಸರ್ವರ್ ಹಾಕಿದ್ದೆ. ತಿಂಗಳಿಗೆ ಐನೂರರ ಆಸುಪಾಸು. ಕಾರ್ಡಿನ ಹಣ ಕಟ್ ಆಗದ ಒಂದು ತಿಂಗಳು ಇಡೀ ಬಳಗ ಕುರುಡಾಯಿತು. ವರ್ಷಕ್ಕೆ ಹೋದ ಆ ದುಡ್ಡಿಗೆ ಒಂದು ಒಳ್ಳೆಯ ಹಾರ್ಡ್ ಡಿಸ್ಕ್ ಬರುತ್ತಿತ್ತು.

ಆಮೇಲೆ ನಡುವೆ ಸರ್ವರ್ ಇಲ್ಲದ ಫ್ರೀನೆಟ್ ಜಾಲದ (ಈಗ ಅದರ ಹೆಸರು ಹೈಫಾನೆಟ್) ದಾರಿ ಹಿಡಿದೆ. ಅಲ್ಲಿ ಗೆಳೆಯರು ನೋಡ್‌ರೆಫ್ ಅನ್ನುವ ಉದ್ದದ ಪಠ್ಯವನ್ನು ಒಬ್ಬರಿಗೊಬ್ಬರು ಕೊಡಬೇಕು, ಇಬ್ಬರೂ ಸೇರಿಸಿಕೊಳ್ಳಬೇಕು. ಒಬ್ಬರು ಮರೆತರೆ ಮುಗಿಯಿತು. ಐಪಿ ವಿಳಾಸ, ಪೋರ್ಟು, ಸಹಿ ಎಲ್ಲ ಅದರೊಳಗೇ. ಅದನ್ನು ಕ್ಯೂಆರ್ ಮಾಡಿದರೆ ಚುಕ್ಕಿಗಳು ಅಷ್ಟು ದಟ್ಟ. ಹಳೆಯ ಫೋನಿನ ಕ್ಯಾಮೆರಾ ಓದುವುದೇ ಇಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದರೆ ರೌಟರಿಗೆ ಹೊಸ ಐಪಿ. ಬದಲಾದ ವಿಳಾಸ ಹುಡುಕಲು ಫ್ರೀನೆಟ್‌ನಲ್ಲಿ ಎಆರ್‌ಕೆ ಎಂಬ ಕೀಲಿ ಇದೆ. ಅದರ ಜೊತೆ ನನ್ನ ಜಗಳ ಶುರುವಾದದ್ದು ಅಲ್ಲಿಂದಲೇ. ವಿಳಾಸವನ್ನು ಹೇಗೂ ಹುಡುಕಬೇಕು ಅಂದಮೇಲೆ ಅದನ್ನು ಕೈಯಿಂದ ಕೈಗೆ ಯಾಕೆ ಕೊಡುವುದು?

ಹಾಗಾಗಿ ಒಬ್ಬರಿಗೊಬ್ಬರು ಕೊಡುವ ಕೋಡಿನಲ್ಲಿ ಗುರುತು ಮಾತ್ರ ಉಳಿಸಿದೆ. ಇಡಿ25519 ಎಂಬ ಡಿಜಿಟಲ್ ಸಹಿ ಪದ್ಧತಿಯ ಸಾರ್ವಜನಿಕ ಕೀಲಿ (ಯಾರಿಗೂ ಕೊಡಬಹುದಾದ ಗುರುತು) 32 ಬೈಟ್. ಇಂಗ್ಲಿಷ್ ಅಕ್ಷರ ಮತ್ತು 2ರಿಂದ 7ರ ಅಂಕಿಗಳಲ್ಲಿ ಬರೆಯುವ ಬೇಸ್32ರಲ್ಲಿ 52 ಅಕ್ಷರ. ಫೈಲ್ ಹಂಚುವ ತಂತ್ರಾಂಶ ಸಿಂಕ್‌ಥಿಂಗ್ ಮಾಡುವ ಹಾಗೆ ತಪ್ಪು ಹಿಡಿಯುವ 4 ಅಕ್ಷರ ಸೇರಿಸಿ ಒಟ್ಟು 56. ಇದರಲ್ಲಿ 0, 1, 8 ಬರುವುದೇ ಇಲ್ಲ. ಯಾರಾದರೂ ಸೊನ್ನೆ ಒತ್ತಿದರೆ ಅದನ್ನು 'ಓ' ಅಂತಲೇ ತೆಗೆದುಕೊಳ್ಳುತ್ತದೆ. ಫೋನಿನಲ್ಲಿ ಹೇಳುವಾಗ ಎಂ ಫಾರ್ ಮಂಜೇಶ್ವರ, ಎನ್ ಫಾರ್ ನೀರ್ಚಾಲು, ಇ ಫಾರ್ ಎಡನೀರು. ಎಪ್ಪತ್ತು ದಾಟಿದ ಅರ್ಥಧಾರಿಯೊಬ್ಬರು ಒಂದಕ್ಷರವೂ ತಪ್ಪದೆ ಬರೆದುಕೊಂಡರು. ಅವರಿಗೆ ನೆನಪಿನ ಕೆಲಸ ಹೊಸತಲ್ಲ, ಅಲ್ವಾ?

ವಿಳಾಸ ಇರುವುದು ಬಿಟ್‌ಟೊರೆಂಟಿನ ಡಿಎಚ್‌ಟಿಯಲ್ಲಿ, ಅಂದರೆ ಅದನ್ನು ಬಳಸುವವರ ಕಂಪ್ಯೂಟರುಗಳೇ ಹಂಚಿಕೊಂಡು ಇಟ್ಟುಕೊಳ್ಳುವ ಪಟ್ಟಿಯಲ್ಲಿ. ಬೆಪ್ 44 ಎಂಬ ಬಿಟ್‌ಟೊರೆಂಟ್ ನಿಯಮದ ಪ್ರಕಾರ ಸಹಿ ಹಾಕಿದ, 1000 ಬೈಟಿಗಿಂತ ಚಿಕ್ಕ ತುಣುಕನ್ನು ಅಲ್ಲಿ ಇಡಬಹುದು. ಮತ್ತೆ ಮತ್ತೆ ಹಾಕದಿದ್ದರೆ ಸುಮಾರು 2 ಗಂಟೆಯಲ್ಲಿ ಅದು ಮಾಯವಾಗಬಹುದು. ನಾನು ಎಷ್ಟು ಹೊತ್ತಿಗೊಮ್ಮೆ ಹಾಕುತ್ತೇನೆ, ಅದನ್ನು ಬೇರೆಯವರು ಓದದ ಹಾಗೆ ಏನು ಮಾಡುತ್ತೇನೆ ಅನ್ನುವುದು ಇಲ್ಲಿ ಬೇಡ. ಒಂದೇ ಐಪಿಯನ್ನು ಹತ್ತಾರು ಮನೆಗೆ ಹಂಚುವ ಕಂಪನಿಯ ಕನೆಕ್ಷನ್ ಇದ್ದವರನ್ನು ಹೊರಗಿನಿಂದ ನೇರ ತಲುಪಲು ಕಷ್ಟ. ಅವರಿಗೆ ಹೀಗೆ ಹಂಚಬೇಕಿಲ್ಲದ ಹೊಸ ಬಗೆಯ ವಿಳಾಸ, ಐಪಿವಿ6, ಸಿಕ್ಕಿದರೆ ಸರಿ. ಇಲ್ಲದಿದ್ದರೆ ಬಳಗದಲ್ಲೇ ತೆರೆದ ಪೋರ್ಟಿರುವ ಎರಡು ಮೂರು ಮನೆಗಳು ನಡುವೆ ನಿಂತು ದಾಟಿಸುತ್ತವೆ. ಸ್ವಲ್ಪ ನಿಧಾನ, ಅಷ್ಟೆ.

ಗೆಳೆಯರ ಗೆಳೆಯರು ತಾವಾಗಿಯೇ ಸೇರಿಕೊಳ್ಳಲಿ ಅಂತ ಒಮ್ಮೆ ಬಿಟ್ಟು ನೋಡಿದೆ. ವಾರದಲ್ಲಿ ಗುರುತಿಲ್ಲದವರ ಮದುವೆ ವೀಡಿಯೊಗಳು ಬಂದವು. ತೆಗೆದುಹಾಕಿದೆ. ಈಗ ಒಬ್ಬರು ಕೋಡ್ ಹಾಕಿದರೆ ಇನ್ನೊಬ್ಬರಿಗೆ 'ಇವರು ಕರೆಯುತ್ತಿದ್ದಾರೆ' ಅಂತ ಬರುತ್ತದೆ. ಹೂಂ ಅಂದರೆ ಮಾತ್ರ ಜೋಡಣೆ.

ಕೂಟ ನಡೆಯುವಲ್ಲಿ ಪವರ್‌ಬ್ಯಾಂಕಿಗೆ ಸಣ್ಣ ರೌಟರ್ ಹಾಕಿಯೂ ನೋಡಿದ್ದೇನೆ. ಇಂಟರ್ನೆಟ್ ಇಲ್ಲದೆ ಒಂದೂವರೆ ಜಿಬಿ ಫೈಲು ಕಾಫಿ ಕುಡಿಯುವಷ್ಟರಲ್ಲಿ ದಾಟಿತು.

ಒಂದು ತೊಂದರೆ ಉಳಿದಿದೆ. ಸಿಡಿಲು ಬಡಿದು ಡಿಸ್ಕ್ ಹೋದರೆ ಸಹಿ ಹಾಕುವ ಗುಟ್ಟಿನ ಖಾಸಗಿ ಕೀಲಿಯೂ ಹೋಗುತ್ತದೆ. ಹೊಸ ಕೋಡನ್ನು ಎಲ್ಲರಿಗೂ ಮತ್ತೆ ಓದಿ ಹೇಳಬೇಕು. ಸದ್ಯಕ್ಕೆ ಕೀಲಿಯನ್ನು ಮನೆಯಲ್ಲೇ ಪ್ರಿಂಟ್ ತೆಗೆದು ಕಪಾಟಿನಲ್ಲಿಡಿ ಅಂತ ಎಲ್ಲರಿಗೂ ಹೇಳಿದ್ದೇನೆ.