ಶ್ರುತಿ ಪೆಟ್ಟಿಗೆಯೊಳಗೆ ಬೇಡದ ಸ್ವರ: ಸ್ವಿಚಿಂಗ್ ರೆಗ್ಯುಲೇಟರಿನ ಸದ್ದನ್ನು ಹಿಡಿದ ಬಗೆ

ಸ್ವಿಚಿಂಗ್ ರೆಗ್ಯುಲೇಟರ್ ಅಂದರೆ ಕರೆಂಟನ್ನು ಬಹಳ ವೇಗವಾಗಿ ಆನ್-ಆಫ್ ಮಾಡುತ್ತಾ ಬೋರ್ಡಿಗೆ ಬೇಕಾದ ಸ್ಥಿರ ವೋಲ್ಟೇಜ್ ಕೊಡುವ ಸರ್ಕ್ಯೂಟ್. 500 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಐದು ಲಕ್ಷ ಸಲ, ಸ್ವಿಚ್ ಆಗುವ ರೆಗ್ಯುಲೇಟರ್ ಕಿವಿಗೆ ಕೇಳಿಸಬಾರದು. ಮನುಷ್ಯರ ಕಿವಿ 20 ಕಿಲೋಹರ್ಟ್ಸ್‌ಗೇ ನಿಂತುಹೋಗುತ್ತದೆ. ಆದರೂ ಬೋರ್ಡು 'ಕೀ' ಅನ್ನುತ್ತಿದೆ ಅಂದರೆ, ಒಳಗೆ ಇನ್ನೇನೋ ನಿಧಾನವಾಗಿ ನಡೆಯುತ್ತಿದೆ ಅಂತಲೇ ಅರ್ಥ. ಈ ಕೆಲಸದಲ್ಲಿ ನಾನು ಪಾಲಿಸುವ ನಿಯಮ ಒಂದೇ: ಸದ್ದು ಮಾಡುವ ಭಾಗ ಬೇರೆ, ಸದ್ದು ಮಾಡಿಸುವ ಕಾರಣ ಬೇರೆ. ಎರಡನ್ನೂ ಬಿಡಿಬಿಡಿಯಾಗಿ ಹುಡುಕಬೇಕು.

ಮೈಸೂರಿನಲ್ಲಿ ಸಂಗೀತಗಾರರಿಗೆ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ರಿಪೇರಿ ಮಾಡಿಕೊಡುತ್ತೇನೆ, ಕೇಳಿದವರಿಗೆ ಹೊಸದನ್ನೂ ಕಟ್ಟಿಕೊಡುತ್ತೇನೆ. ಅಂಥದ್ದೊಂದನ್ನು ಕೊಂಡ ಪಿಟೀಲು ಮೇಷ್ಟ್ರು ಹೇಳಿದರು: "ಶ್ರುತಿ ಚೆನ್ನಾಗಿದೆ ಕಣಪ್ಪ. ಆದ್ರೆ ವಾಲ್ಯೂಮ್ ಪೂರ್ತಿ ಇಳಿಸಿದ್ಮೇಲೂ ಒಳಗೊಂದು ಸ್ವರ ಉಳ್ಕೊಳ್ಳುತ್ತೆ. ಷಡ್ಜಕ್ಕೂ ಸೇರಲ್ಲ, ಪಂಚಮಕ್ಕೂ ಸೇರಲ್ಲ." ಟಿವಿ ಸೆಟ್‌ಟಾಪ್ ಬಾಕ್ಸಿನಲ್ಲಾಗಿದ್ದರೆ ಈ ಸದ್ದನ್ನು ಯಾರೂ ಗಮನಿಸುತ್ತಿರಲಿಲ್ಲ. ಬೆಳಗಿನ ಜಾವ ಸಾಧಕಕ್ಕೆ ಕೂತವರಿಗೆ ಅದು ನಿಜವಾದ ಹಿಂಸೆ.

ಮೊದಲು ಸ್ಪೀಕರ್ ವೈರ್ ಕಿತ್ತೆ. ಸದ್ದು ಹಾಗೇ ಇತ್ತು. ಅಲ್ಲಿಗೆ ಆಂಪ್ಲಿಫೈಯರ್ ಮೇಲಿನ ಅನುಮಾನ ಮುಗಿಯಿತು. ಸದ್ದು ಬೋರ್ಡಿನಿಂದಲೇ ಬರುತ್ತಿದೆ. ಆಮೇಲೆ ಸ್ಪೀಕರ್ ಮತ್ತೆ ಜೋಡಿಸಿ ವಾಲ್ಯೂಮನ್ನು ನಿಧಾನಕ್ಕೆ ಏರಿಸಿದೆ. ಸದ್ದಿನ ಸ್ಥಾಯಿ ಜಾರುತ್ತಾ ಮೇಲಕ್ಕೆ ಹೋಗಿ, ಒಂದು ಹಂತದಲ್ಲಿ ಮಾಯವಾಯಿತು. 5 ವೋಲ್ಟ್ ಔಟ್‌ಪುಟ್ಟಿಗೆ 100 ಓಮ್‌ನ ಅರ್ಧ ವ್ಯಾಟ್ ರೆಸಿಸ್ಟರ್ ಹಾಕಿ, ಅಂದರೆ 50 ಮಿಲಿಆಂಪ್ ಹೆಚ್ಚು ಎಳೆಸಿ ನೋಡಿದರೂ ಅದೇ ಕಥೆ. ಲೋಡ್ (ಎಳೆಯುವ ಕರೆಂಟ್) ಜೊತೆ ಸ್ಥಾಯಿ ಏರಿದರೆ ನನ್ನ ಮೊದಲ ಅನುಮಾನ ಯಾವಾಗಲೂ ಪಲ್ಸ್ ಸ್ಕಿಪ್ಪಿಂಗ್, ಅಂದರೆ ನಡುನಡುವೆ ಪಲ್ಸ್ ಬಿಟ್ಟುಬಿಡುವುದರ ಮೇಲೆ.

ಈಗಿನ ಬಹಳಷ್ಟು ಬಕ್ (ವೋಲ್ಟೇಜ್ ಇಳಿಸುವ) ರೆಗ್ಯುಲೇಟರ್ ಐಸಿಗಳು ಲೋಡ್ ಕಡಿಮೆಯಾದಾಗ ಕರೆಂಟ್ ಉಳಿಸಲು ಪ್ರತಿ ಸೈಕಲ್‌ನಲ್ಲೂ ಸ್ವಿಚ್ ಆಗುವುದಿಲ್ಲ. ಒಂದಷ್ಟು ಪಲ್ಸ್ ಕೊಟ್ಟು ಔಟ್‌ಪುಟ್ ಕೆಪಾಸಿಟರ್ ತುಂಬಿಸಿ ಸುಮ್ಮನಾಗುತ್ತವೆ. ವೋಲ್ಟೇಜ್ ಸ್ವಲ್ಪ ಇಳಿದ ಮೇಲೆ ಮತ್ತೊಂದು ಗುಂಪು. ಆ ಗುಂಪುಗಳ ಲಯವೇ ಕಿವಿಗೆ ಬೀಳುವುದು. ವೋಲ್ಟೇಜಿನ ಅಲೆಯನ್ನು ಪರದೆ ಮೇಲೆ ತೋರಿಸುವ ಆಸಿಲೋಸ್ಕೋಪಿನಲ್ಲಿ ಇದು ಸುಲಭವಾಗಿ ತಪ್ಪಿಹೋಗುತ್ತದೆ. ಸ್ವಿಚಿಂಗ್ ನೋಡಲು ಎಲ್ಲರೂ ಟೈಮ್‌ಬೇಸನ್ನು (ಪರದೆಯ ಒಂದು ಚೌಕ ತೋರಿಸುವ ಸಮಯ) ಒಂದೆರಡು ಮೈಕ್ರೋಸೆಕೆಂಡಿಗೆ ಇಡುತ್ತಾರೆ. ಅಲ್ಲಿ ಪ್ರತಿ ಪಲ್ಸೂ ಲಕ್ಷಣವಾಗಿಯೇ ಕಾಣುತ್ತದೆ. ನಾನು ಡಿವಿಷನ್ನಿಗೆ 100 ಮೈಕ್ರೋಸೆಕೆಂಡಿಗೆ ಇಟ್ಟು, ಸ್ಥಿರ ವೋಲ್ಟೇಜನ್ನು ಕಳೆದು ಏರಿಳಿತ ಮಾತ್ರ ತೋರಿಸುವ ಎಸಿ ಕಪ್ಲಿಂಗ್‌ನಲ್ಲಿ ಔಟ್‌ಪುಟ್ ರಿಪಲ್ (ಆ ಏರಿಳಿತ) ನೋಡಿದೆ. ಸುಮಾರು 250 ಮೈಕ್ರೋಸೆಕೆಂಡಿಗೊಂದು ಏಣು. ಅಂದರೆ 4 ಕಿಲೋಹರ್ಟ್ಸ್, ಕಿವಿ ತುಂಬಾ ಚುರುಕಾಗಿರುವ ಜಾಗ.

ಇಲ್ಲಿ ಹಲವರು ಸಬ್‌ಹಾರ್ಮೋನಿಕ್ ಆಸಿಲೇಷನ್, ಅಂದರೆ ಪಲ್ಸುಗಳು ಒಂದು ಅಗಲ ಒಂದು ಕಿರಿದಾಗಿ ಬರುವ ತೊಂದರೆ, ಅನ್ನುತ್ತಾರೆ. ಇಂಡಕ್ಟರಿನ ಕರೆಂಟ್ ನೋಡಿ ಪಲ್ಸ್ ನಿಲ್ಲಿಸುವ ಕರೆಂಟ್ ಮೋಡ್ ರೆಗ್ಯುಲೇಟರಿನಲ್ಲಿ ಡ್ಯೂಟಿ ಸೈಕಲ್ (ಪ್ರತಿ ಸೈಕಲ್‌ನಲ್ಲಿ ಸ್ವಿಚ್ ಆನ್ ಇರುವ ಪಾಲು) ಶೇ. 50 ದಾಟಿ, ಅದನ್ನು ತಡೆಯಲು ಸೇರಿಸುವ ಸ್ಲೋಪ್ ಕಾಂಪೆನ್ಸೇಷನ್ ಸಾಲದೇ ಹೋದರೆ ಅದು ಬರುವುದು ನಿಜ. ಆದರೆ ಅದರ ಆವರ್ತನ ಸ್ವಿಚಿಂಗಿನ ಅರ್ಧ: ಇಲ್ಲಿ 250 ಕಿಲೋಹರ್ಟ್ಸ್. ಅದೂ ಕೇಳಿಸುವಂಥದ್ದಲ್ಲ. ಹಾಗಾಗಿ ಆ ದಾರಿ ಬಿಟ್ಟೆ.

ಕಾರಣ ಸಿಕ್ಕಿತು, ಇನ್ನು ಹಾಡುತ್ತಿರುವವರು ಯಾರು? ಎಲ್ಲರ ಬೆರಳೂ ಮೊದಲು ತಂತಿ ಸುರುಳಿಯ ಇಂಡಕ್ಟರ್ ಕಡೆಗೇ ಹೋಗುತ್ತದೆ. ಉರಿದು ಉಳಿದ ಊದುಬತ್ತಿಯ ಬಿದಿರು ಕಡ್ಡಿಗಳನ್ನು ನಾಲ್ಕೈದು ಸೇರಿಸಿ ಕಟ್ಟಿಟ್ಟುಕೊಂಡಿದ್ದೇನೆ. ಒಣಗಿದ ಬಿದಿರು, ಶಾರ್ಟ್ ಆಗುವ ಭಯವಿಲ್ಲ. ಅದರ ತುದಿಯಿಂದ ಒಂದೊಂದೇ ಭಾಗವನ್ನು ಒತ್ತಿ ಕೇಳುತ್ತೇನೆ. (ಕಡಿಮೆ ವೋಲ್ಟೇಜಿನ ಡಿಸಿ ಬೋರ್ಡಿಗೆ ಮಾತ್ರ ಇದು ಸರಿ, 230 ವೋಲ್ಟ್ ಬರುವ ಕಡೆ ಖಂಡಿತ ಬೇಡ.) ಇಂಡಕ್ಟರ್ ಒತ್ತಿದರೆ ಏನೂ ಬದಲಾಗಲಿಲ್ಲ. ಔಟ್‌ಪುಟ್ಟಿನ 22 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಒತ್ತಿದ ಕೂಡಲೇ ಸದ್ದು ಕುಗ್ಗಿತು.

ಎಕ್ಸ್5ಆರ್, ಎಕ್ಸ್7ಆರ್ ಜಾತಿಯ ಸೆರಾಮಿಕ್‌ಗಳ ಒಳಗಿರುವುದು ಬೇರಿಯಂ ಟೈಟನೇಟ್. ವೋಲ್ಟೇಜ್ ಏರಿಳಿದಂತೆ ಅದು ಹಿಗ್ಗಿ ಕುಗ್ಗುತ್ತದೆ. ಕೆಪಾಸಿಟರ್ ತಾನೇ ಪುಟ್ಟದು, ಆದರೆ ಎರಡೂ ತುದಿ ಬೆಸುಗೆಯಾಗಿರುವುದರಿಂದ ಬೋರ್ಡನ್ನೇ ಬಾಗಿಸುತ್ತದೆ. ತಂಬೂರಿಯಲ್ಲಿ ತಂತಿಗಿಂತ ಬುರುಡೆಯೇ ನಾದವನ್ನು ದೊಡ್ಡದು ಮಾಡುವಂತೆ, ಇಲ್ಲಿ ಬೋರ್ಡು. ಸಿ0ಜಿ ಜಾತಿಯ ಸೆರಾಮಿಕ್‌ಗೆ ಈ ಗುಣವಿಲ್ಲ, ಆದರೆ ಇಷ್ಟು ದೊಡ್ಡ ಮೈಕ್ರೋಫ್ಯಾರಡ್ ಅಳತೆಯಲ್ಲಿ ಅದನ್ನು ಬಳಸುವುದು ಆಗದ ಮಾತು.

ಖಾತ್ರಿಗಾಗಿ ಆ ಸೆರಾಮಿಕ್ ತೆಗೆದು ಪಾಲಿಮರ್ ಕೆಪಾಸಿಟರ್ ಹಾಕಿದೆ. ಸದ್ದು ನಿಂತಿತು. ಸ್ಕೋಪಿನಲ್ಲಿ ಪಲ್ಸ್ ಗುಂಪುಗಳು ಮಾತ್ರ ಹಾಗೇ ಇದ್ದವು. ಹಾಡುವವರನ್ನು ಬದಲಿಸಿದ್ದೆ, ಹಾಡಿಸುವವರು ಅಲ್ಲೇ ಇದ್ದರು. ಆ ರಿಪಲ್ ಆಡಿಯೋ ಸಪ್ಲೈಗೆ ನುಗ್ಗುವ ಅಪಾಯ ಇದ್ದೇ ಇತ್ತು. ಆದ್ದರಿಂದ ಡೇಟಾಶೀಟ್ ನೋಡಿ ಐಸಿಯ ಮೋಡ್ ಪಿನ್ನನ್ನು ಸದಾ ಪಿಡಬ್ಲ್ಯೂಎಂನಲ್ಲೇ, ಅಂದರೆ ಪ್ರತಿ ಸೈಕಲ್‌ನಲ್ಲೂ ತಪ್ಪದೆ ಪಲ್ಸ್ ಕೊಡುತ್ತಲೇ, ನಡೆಯುವಂತೆ ಕಟ್ಟಿದೆ. ಗುಂಪುಗಳು ಹೋಗಿ ರಿಪಲ್ ಸಮವಾಯಿತು. ಸುಮ್ಮನಿರುವಾಗ ಕೆಲವು ಮಿಲಿಆಂಪ್ ಹೆಚ್ಚು ಎಳೆಯುತ್ತದೆ. ಶ್ರುತಿ ಪೆಟ್ಟಿಗೆಯ ಮಟ್ಟಿಗೆ ಆ ಬೆಲೆ ಕೊಡಲೇಬೇಕು ಅನ್ನುವುದು ನನ್ನ ನಿಲುವು.

ಮೋಡ್ ಪಿನ್ ಇಲ್ಲದ ಐಸಿಯಾದರೆ ಪಾಲಿಮರ್ ಹಾಕುವುದು, ಅಥವಾ ಸೆರಾಮಿಕ್‌ಗಳನ್ನು ಬೋರ್ಡಿನ ಎರಡೂ ಮುಖಕ್ಕೆ ಒಂದರ ಬೆನ್ನಿಗೊಂದು ಬರುವಂತೆ ಕೂರಿಸುವುದು. ಒಂದರ ನಡುಕವನ್ನು ಇನ್ನೊಂದು ತಡೆಯುತ್ತದೆ. ಆದರೆ ಕೆಪಾಸಿಟರ್ ಜಾತಿ ಬದಲಿಸುವ ಮುನ್ನ ಡೇಟಾಶೀಟ್ ಓದಲೇಬೇಕು. 150 ಕಿಲೋಹರ್ಟ್ಸ್‌ನ ಎಲ್‌ಎಂ2596 ಎಂಬ ಹಳೆಯ ರೆಗ್ಯುಲೇಟರ್ ಐಸಿಯ ಬೋರ್ಡುಗಳಲ್ಲಿ ಒಣಗಿದ ಎಲೆಕ್ಟ್ರೋಲಿಟಿಕ್ ತೆಗೆದು ಸೆರಾಮಿಕ್ ಮಾತ್ರ ಹಾಕಿದರೆ, ಇಎಸ್‌ಆರ್ (ಕೆಪಾಸಿಟರಿನ ಒಳಗಿನ ರೆಸಿಸ್ಟೆನ್ಸ್) ತೀರಾ ಇಳಿದು, ಔಟ್‌ಪುಟ್ ನೋಡಿ ವೋಲ್ಟೇಜ್ ಸರಿಪಡಿಸುವ ಫೀಡ್‌ಬ್ಯಾಕ್ ಲೂಪ್ ಅಸ್ಥಿರವಾಗುತ್ತದೆ. ಆಗ ಬರುವ ಸದ್ದಿಗೆ ಕಾರಣವೇ ಬೇರೆ.

ಈಗ ಪ್ರತಿ ಹೊಸ ಬೋರ್ಡನ್ನೂ ಎರಡು ಸೆಲ್ ಲಿಥಿಯಂ ಬ್ಯಾಟರಿಯ 8.4 ವೋಲ್ಟ್‌ನಿಂದ 6 ವೋಲ್ಟ್‌ವರೆಗೆ ಇಳಿಸುತ್ತಾ, ಪ್ರತಿ ಹಂತದಲ್ಲೂ ವಾಲ್ಯೂಮ್ ಸೊನ್ನೆಯಿಂದ ಪೂರ್ತಿ ತಿರುಗಿಸಿ, ಫ್ಯಾನ್ ಆರಿಸಿ ಕೇಳುತ್ತೇನೆ. ವಯಸ್ಸಾದಂತೆ ಮೇಲಿನ ಆವರ್ತನಗಳು ಕಿವಿಗೆ ಮಂಕಾಗುತ್ತವೆ, ಅದಕ್ಕೇ ಕೊನೆಗೆ ಪಕ್ಕದ ಮನೆಯ ಹೈಸ್ಕೂಲ್ ಹುಡುಗನನ್ನೂ ಕರೆದು ಕೇಳಿಸುತ್ತೇನೆ. ಅವನು "ಏನೂ ಇಲ್ಲ ಅಂಕಲ್" ಅಂದ ಮೇಲೆಯೇ ಡಬ್ಬಿಗೆ ಸ್ಕ್ರೂ ಹಾಕುವುದು.