ಎಲ್‌ಎಲ್‌ಆರ್ ಪರೀಕ್ಷೆ: ಬೈಕ್ ಓಡಿಸಲು ಬರುವವರೇ ಎಡವುವುದು ಎಲ್ಲಿ?

ಎಲ್‌ಎಲ್‌ಆರ್, ಅಂದರೆ ಗಾಡಿ ಕಲಿಯುವವರ ಲೈಸೆನ್ಸ್, ಅದರ ಪರೀಕ್ಷೆಗೂ ಓದಬೇಕಾ ಎಂದು ನಗುವವರು ಊರೂರಲ್ಲೂ ಸಿಗುತ್ತಾರೆ. ಶೇ 60ರಷ್ಟು ಉತ್ತರ ಸರಿಯಿದ್ದರೆ ಪಾಸು. ಪ್ರಶ್ನೆಯ ಕೆಳಗೇ ಆಯ್ಕೆಗಳಿರುತ್ತವೆ, ಕನ್ನಡದಲ್ಲೇ ಬರೆಯಬಹುದು. ಆದರೂ ಫೇಲಾಗುತ್ತಾರೆ. ಅದರಲ್ಲೂ ಬಡಾವಣೆಯ ಖಾಲಿ ರಸ್ತೆಯಲ್ಲಿ ಆಗಲೇ ಬೈಕ್ ಕಲಿತವರು. ರಸ್ತೆಯಲ್ಲಿ ಜನ ಏನು ಮಾಡುತ್ತಾರೋ ಅದನ್ನೇ ಉತ್ತರ ಎಂದು ಒತ್ತಿಬಿಡುತ್ತಾರೆ. ಪರೀಕ್ಷೆಗೆ ಬೇಕಿರುವುದು ಕಾನೂನು ಏನು ಹೇಳುತ್ತದೆ ಎನ್ನುವುದು.

ಮೊದಲು ಫಲಕಗಳು. ಚಿತ್ರಗಳನ್ನು ಸುಮ್ನೆ ಬಾಯಿಪಾಠ ಮಾಡಬೇಡಿ, ಆಕಾರ ನೋಡಿ. ವೃತ್ತ ಅಂದರೆ ಆದೇಶ, ಪಾಲಿಸಲೇಬೇಕು. ತ್ರಿಕೋನ ಅಂದರೆ ಎಚ್ಚರಿಕೆ. ಆಯತ ಅಂದರೆ ಮಾಹಿತಿ. ಎಂಟು ಮೂಲೆಯ ‘ನಿಲ್ಲಿ’ ಮತ್ತು ತಲೆಕೆಳಗಾದ ತ್ರಿಕೋನದ ‘ದಾರಿ ಬಿಡಿ’ ಇವೆರಡೂ ಬೇರೆ ಆಕಾರದಲ್ಲಿದ್ದರೂ ಆದೇಶಗಳೇ. ಇಷ್ಟು ತಲೆಯಲ್ಲಿದ್ದರೆ ಅರ್ಧ ಗೊಂದಲ ಹೋಗುತ್ತದೆ. ಎಡಕ್ಕೆ ಬಾಗಿದ ಬಾಣ ನೀಲಿ ವೃತ್ತದಲ್ಲಿದ್ದರೆ ಎಡಕ್ಕೇ ತಿರುಗಬೇಕು ಎಂದರ್ಥ. ಅಂಥದ್ದೇ ಬಾಣ ತ್ರಿಕೋನದಲ್ಲಿದ್ದರೆ ಮುಂದೆ ಎಡ ತಿರುವಿದೆ ಎಂದಷ್ಟೇ.

ಆಮೇಲೆ ಒಂದೇ ಥರ ಕಾಣುವ ಜೋಡಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ನೋಡಿ. ಒಂದೇ ಓರೆಗೆರೆ ಇದ್ದರೆ ಪಾರ್ಕಿಂಗ್ ಇಲ್ಲ. ಎರಡು ಗೆರೆ ಒಂದನ್ನೊಂದು ಕತ್ತರಿಸಿದ್ದರೆ ನಿಲ್ಲಿಸುವುದೇ ಇಲ್ಲ, ಗೆಳೆಯನನ್ನು ಇಳಿಸಲಿಕ್ಕೂ ಇಲ್ಲ. ರೈಲ್ವೆ ಕ್ರಾಸಿಂಗ್‌ನಲ್ಲಿ ಇನ್ನೂ ಜಾಸ್ತಿ ಜನ ಜಾರುತ್ತಾರೆ. ಗೇಟಿನ ಚಿತ್ರ ಇದ್ದರೆ ಕಾವಲು ಇರುವ ಕ್ರಾಸಿಂಗ್, ರೈಲು ಎಂಜಿನ್ ಚಿತ್ರ ಇದ್ದರೆ ಕಾವಲು ಇಲ್ಲದ್ದು. ಅಂಥ ಕಡೆ ಏನು ಮಾಡಬೇಕು ಎನ್ನುವುದಕ್ಕೆ ‘ಹಾರ್ನ್ ಹೊಡೆದು ಬೇಗ ದಾಟಬೇಕು’ ಎಂಬ ಆಯ್ಕೆ ಕಣ್ಣಿಗೆ ಬೀಳುತ್ತದೆ, ಬೆರಳು ಅಲ್ಲಿಗೇ ಹೋಗುತ್ತದೆ. ಸರಿ ಉತ್ತರ ಬೇರೆ. ಗಾಡಿ ನಿಲ್ಲಿಸಬೇಕು, ಕೆಳಗಿಳಿದು ಹಳಿಯ ತನಕ ನಡೆದು ಎರಡೂ ಕಡೆ ನೋಡಬೇಕು, ರೈಲು ಬರುತ್ತಿಲ್ಲ ಎಂದು ಖಚಿತವಾದ ಮೇಲೇ ದಾಟಬೇಕು. ಬ್ರಾಡ್‌ಗೇಜ್ (ಅಗಲ) ಹಳಿಗಳಲ್ಲಿ ಕಾವಲಿಲ್ಲದ ಕ್ರಾಸಿಂಗ್‌ಗಳನ್ನು 2019ರ ಹೊತ್ತಿಗೇ ತೆಗೆದಿದ್ದಾರೆ. ನಿಯಮದ ಪುಸ್ತಕದಿಂದ ಮಾತ್ರ ಅವು ಹೋಗಿಲ್ಲ!

ಮೂರನೆಯದು, ‘ಯಾರಿಗೆ ಮೊದಲು ದಾರಿ’ ಎಂಬ ಪ್ರಶ್ನೆಗಳು. ನಿಜವಾದ ಪರೀಕ್ಷೆ ಇದೇ. ನಮ್ಮ ರಸ್ತೆಗಳಲ್ಲಿ ದೊಡ್ಡ ಗಾಡಿಗೆ ಮೊದಲು ದಾರಿ, ಅಲ್ವಾ? ಕಾನೂನಿನಲ್ಲಿ ಹಾಗಿಲ್ಲ. ಸಿಗ್ನಲ್, ಪೊಲೀಸ್ ಯಾರೂ ಇಲ್ಲದ ಕೂಡುರಸ್ತೆಯಲ್ಲಿ ನಿಮ್ಮ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಸರ್ಕಲ್‌ನಲ್ಲಿ ಆಗಲೇ ಒಳಗೆ ಸುತ್ತುತ್ತಿರುವ ಗಾಡಿಗೆ ಮೊದಲ ಹಕ್ಕು. ಚಾರ್ಮಾಡಿಯಂಥ ಘಾಟಿಯ ಇಕ್ಕಟ್ಟಿನಲ್ಲಿ ಎದುರುಬದುರಾದರೆ ಇಳಿಯುವವರು ನಿಲ್ಲಬೇಕು, ಹತ್ತುವವರು ಮುಂದೆ ಹೋಗಬೇಕು. ಏರಿನಲ್ಲಿ ನಿಂತ ಲಾರಿಯನ್ನು ಮತ್ತೆ ಎಳೆದು ಹತ್ತಿಸುವುದು ಎಷ್ಟು ಕಷ್ಟ ಎಂದು ನೆನೆಸಿಕೊಂಡರೆ ಇದು ಮರೆಯುವುದಿಲ್ಲ. ಜೀಬ್ರಾ ಪಟ್ಟೆಯ ಮೇಲೆ ನಡೆದು ಹೋಗುವವರಿಗೇ ಮೊದಲ ದಾರಿ, ಆಚೆ ಬಸ್ಸೇ ಬರಲಿ.

ಹಳದಿ ದೀಪ ಬಿದ್ದರೆ? ಬೆಂಗಳೂರಿನಲ್ಲಿ ಆಕ್ಸಿಲರೇಟರ್ ತಿರುವುತ್ತಾರೆ. ಪರೀಕ್ಷೆಯಲ್ಲಿ ‘ವೇಗ ತಗ್ಗಿಸಿ ನಿಲ್ಲಬೇಕು’ ಎನ್ನುವುದನ್ನೇ ಒತ್ತಿ. ಮಿನುಗುವ ಕೆಂಪು ಬೇರೆ ಲೆಕ್ಕ: ಪೂರ್ತಿ ನಿಂತು, ನೋಡಿಕೊಂಡು ಹೊರಡಬೇಕು. ಓವರ್‌ಟೇಕ್ ಯಾವತ್ತೂ ಬಲದಿಂದ. ಮುಂದಿನವರು ಬಲಕ್ಕೆ ತಿರುಗುವ ಸೂಚನೆ ಕೊಟ್ಟು ರಸ್ತೆಯ ಮಧ್ಯಕ್ಕೆ ಬಂದಿದ್ದರೆ ಮಾತ್ರ ಎಡದಿಂದ ಹೋಗಬಹುದು.

ಅಂಕಿಗಳು ಕೆಲವೇ ಇವೆ. ಕುಡಿತದ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಅಪಘಾತದಲ್ಲಿ ಯಾರಿಗಾದರೂ ಪೆಟ್ಟಾದರೆ ಮೊದಲು ಚಿಕಿತ್ಸೆ ಕೊಡಿಸಬೇಕು. ಸ್ಥಳದಲ್ಲಿ ಪೊಲೀಸರು ಇಲ್ಲದಿದ್ದರೆ ಆದಷ್ಟು ಬೇಗ, ತಡವೆಂದರೂ 24 ಗಂಟೆಯೊಳಗೆ, ಹತ್ತಿರದ ಠಾಣೆಗೆ ತಿಳಿಸಬೇಕು.

ಇಷ್ಟಾದ ಮೇಲೆ ಸರ್ಕಾರದ ಲೈಸೆನ್ಸ್ ವೆಬ್‌ಸೈಟ್ ಆದ ಸಾರಥಿ ಪೋರ್ಟಲ್‌ನಲ್ಲಿರುವ ಮಾಕ್ ಟೆಸ್ಟ್ ಬರೆಯಿರಿ. ತಪ್ಪಾದ ಪ್ರಶ್ನೆಗಳನ್ನು ಮಾತ್ರ ಗುರುತು ಹಾಕಿಕೊಂಡು ಮತ್ತೆ ಓದಿದರೆ ಸಾಕು. ಪರೀಕ್ಷೆಯಲ್ಲಿ ಪ್ರತಿ ಪ್ರಶ್ನೆಗೂ ಸಮಯ ಓಡುತ್ತಿರುತ್ತದೆ. ಹಾಗಂತ ಮೊದಲ ಆಯ್ಕೆ ಓದಿ ಒತ್ತಬೇಡಿ, ಎಲ್ಲವನ್ನೂ ಓದಿ. ಫೇಲಾದರೂ ಆಕಾಶ ಬೀಳುವುದಿಲ್ಲ, ಮರುಪರೀಕ್ಷೆಯ ಶುಲ್ಕ 50 ರೂಪಾಯಿ. ‘ಪಾಸು ಮಾಡಿಸಿಕೊಡುತ್ತೇನೆ’ ಎನ್ನುವ ಏಜೆಂಟರಿಗೆ ಕೊಡುವುದಕ್ಕಿಂತ ಇದು ಅಗ್ಗ.

ಪಾಸಾದ ಮೇಲೆ ಎಲ್‌ಎಲ್‌ಆರ್ 6 ತಿಂಗಳು ನಡೆಯುತ್ತದೆ. 30 ದಿನ ಕಳೆದ ಮೇಲೆ ಡಿಎಲ್ (ಪೂರ್ಣ ಲೈಸೆನ್ಸ್) ಪರೀಕ್ಷೆಗೆ ಹೋಗಬಹುದು. ಅಲ್ಲಿಯವರೆಗೆ ಗಾಡಿಯ ಹಿಂದೆ ಮುಂದೆ ಬಿಳಿ ಹಲಗೆಯ ಮೇಲೆ ಕೆಂಪು ‘ಎಲ್’ ಇರಲೇಬೇಕು. ಬೈಕ್‌ನ ಹಿಂದಿನ ಸೀಟಿನಲ್ಲಿ ಲೈಸೆನ್ಸ್ ಇರುವ, ನಿಮಗೆ ಕಲಿಸುವವರು ಮಾತ್ರ ಕೂರಬಹುದು. ಗೆಳೆಯರನ್ನು ಕೂರಿಸುವಂತಿಲ್ಲ. ಈ ಪ್ರಶ್ನೆಯೂ ಪರೀಕ್ಷೆಗೆ ಬರಬಹುದು.