ರಾಡಿಗೆ ಇಳಿಯದ ಕಪ್ಪೆಚಿಪ್ಪು

ಹಾವೇರಿ ಹತ್ತಿರ ವರದಾ ಹೊಳೆಯಲ್ಲಿ ಕಪ್ಪೆಚಿಪ್ಪು ಹುಡುಕಲು ಕಣ್ಣು ಬೇಡ, ಬರಿಗಾಲು ಸಾಕು. ಉಸುಕಿನಿಂದ ಒಂದನ್ನು ಎತ್ತಿ ಪಕ್ಕಕ್ಕಿಟ್ಟೆ. ಸ್ವಲ್ಪ ಹೊತ್ತು ಸುಮ್ನೆ ಬಿದ್ದಿತ್ತು. ಆಮೇಲೆ ನಾಲಿಗೆಯಂಥ ಪಾದ ಹೊರಗೆ ಬಂತು. ಅದರ ತುದಿ ಉಸುಕಿನೊಳಗೆ ಹೊಕ್ಕು, ಉಬ್ಬಿ, ಗಟ್ಟಿಯಾಗಿ ಹಿಡಿದುಕೊಂಡಿತು. ಚಿಪ್ಪು ಮುಚ್ಚಿದಾಗ ನೀರು ಚಿಮ್ಮಿ ಉಸುಕು ಸಡಿಲಾಯಿತು, ಮೈ ಒಂದಿಷ್ಟು ಕೆಳಗೆ ಜಗ್ಗಿತು. ಮತ್ತೆ ಅದೇ.

ಕೊಳಚೆ ನಾಲಾದ ರಾಡಿಯಲ್ಲೂ ಇದು ಹೀಗೇ ಇಳಿಯುತ್ತದಾ? ಧಾರವಾಡದ ಮನೆಯ ಹಿತ್ತಲಲ್ಲಿ ಎರಡು ಟಬ್ ಇಟ್ಟು ನೋಡಿದೆ. ನಾನು ತಂದಿದ್ದು ಲ್ಯಾಮೆಲಿಡೆನ್ಸ್ ಮಾರ್ಜಿನಾಲಿಸ್, ನಮ್ಮ ಕೆರೆ-ಹೊಳೆಗಳಲ್ಲಿ ಸಿಗುವ ಜಾತಿ.

ಮೊದಲ ಸಲ ನೇರವಾಗಿ ನಳದ ನೀರು ಹಾಕಿಬಿಟ್ಟೆ. ಕ್ಲೋರಿನ್‌ಗೆ ಎಲ್ಲವೂ ಬಾಯಿ ಮುಚ್ಚಿ ಕೂತವು. ಎರಡನೇ ಸಲ ಹೊಳೆಯ ನೀರನ್ನೇ ತಂದೆ. ಆದರೆ ಒಂದು ಟಬ್ಬಿಗೆ ಉಸುಕು, ಇನ್ನೊಂದಕ್ಕೆ ನಾಲಾದ ರಾಡಿ ಹಾಕಿದ್ದೆ. ಉಸುಕಿನಲ್ಲಿ ಇಳಿಯುವುದಕ್ಕೂ ನುಣ್ಣಗಿನ ರಾಡಿಯಲ್ಲಿ ಇಳಿಯುವುದಕ್ಕೂ ಮೊದಲೇ ಫರಕು ಇರುತ್ತದೆ ಅಲ್ವಾ? ಆ ಸಲದ ಎಣಿಕೆಯನ್ನೆಲ್ಲ ಕೈಬಿಟ್ಟೆ. ಮೂರನೇ ಸಲ, ಅಷ್ಟೇ ನುಣುಪಾದ ರಾಡಿಯನ್ನು ಒಂದು ಕೃಷಿ ಹೊಂಡದಿಂದ ತಂದೆ. ಈ ಕೆಲಸ ಮಾಡುವವರು ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಎರಡೂ ಟಬ್ಬಿನ ರಾಡಿ ಒಂದೇ ನುಣುಪಿನದಾ ಅನ್ನುವುದನ್ನೇ.

ಟಬ್ಬಿಗೆ ಎಂಟರಂತೆ ಬಿಟ್ಟೆ. ಹೊಂಡದ ರಾಡಿಯಲ್ಲಿ ಒಂದು ತಾಸಿನೊಳಗೆ ಏಳು ಇಳಿದವು. ನಾಲಾದ ರಾಡಿಯಲ್ಲಿ ಸಂಜೆಯಾದರೂ ಮೂರೇ. ಒಂದಂತೂ ಪಾದ ಚಾಚಿ, ರಾಡಿ ಮುಟ್ಟಿ, ತಕ್ಷಣ ಒಳಗೆಳೆದುಕೊಂಡಿತು. ಹತ್ತು ನಿಮಿಷ ಬಿಟ್ಟು ಮತ್ತೆ ಹಾಗೇ ಮಾಡಿತು. ನೋಡಿ ಹೊಟ್ಟೆಯಲ್ಲಿ ಕಸಿವಿಸಿಯಾಯಿತು. ಆ ರಾಡಿ ಕಪ್ಪಗಿತ್ತು, ಕೊಳೆತ ಮೊಟ್ಟೆಯ ವಾಸನೆ ಬರುತ್ತಿತ್ತು. ಅಂದರೆ ಅದರಲ್ಲಿ ಆಮ್ಲಜನಕ ಇಲ್ಲ, ಹೈಡ್ರೋಜನ್ ಸಲ್ಫೈಡ್ ಇದೆ. ತಾಮ್ರ, ಕ್ಯಾಡ್ಮಿಯಂನಂಥ ಲೋಹ ಸೇರಿದ ಕೆಸರಿನಲ್ಲೂ ಚಿಪ್ಪುಜೀವಿಗಳು ಇಳಿಯಲು ತಡಮಾಡುತ್ತವೆ. ನನ್ನ ರಾಡಿಯಲ್ಲಿ ಲೋಹ ಅಳೆಯಲು ನನ್ನ ಹತ್ತಿರ ಸಾಧನ ಇರಲಿಲ್ಲ.

ಎರಡೂ ಟಬ್ಬಿನಲ್ಲಿ ಒಂದೂ ಸತ್ತಿರಲಿಲ್ಲ. ಸತ್ತವನ್ನಷ್ಟೇ ಎಣಿಸಿದ್ದರೆ ಎರಡೂ ರಾಡಿ ಒಂದೇ ಅನ್ನಬೇಕಿತ್ತು. ಆದರೆ ಹೊಳೆಯಲ್ಲಿ ಹೀಗೆ ಮೇಲೇ ಬಿದ್ದಿದ್ದರೆ ಕೊಕ್ಕರೆಗೆ ಸಿಗುತ್ತವೆ, ಪ್ರವಾಹಕ್ಕೆ ಕೊಚ್ಚಿಹೋಗುತ್ತವೆ. ಚಿಪ್ಪು ಮುಚ್ಚಿಕೊಂಡೇ ಇದ್ದರೆ ನೀರು ಸೋಸಿ ತಿನ್ನುವುದೂ ನಿಲ್ಲುತ್ತದೆ.

ಇಳಿಯದ ಐದನ್ನು ತೊಳೆದು ಹೊಂಡದ ರಾಡಿಗೆ ಹಾಕಿದೆ. ಬೆಳಿಗ್ಗೆ ನಾಲ್ಕು ಇಳಿದಿದ್ದವು. ನೀರು ಎಳೆಯುವ ಸೀಳು ಮಾತ್ರ ರಾಡಿಯ ಮೇಲೆ ಕಾಣುತ್ತಿತ್ತು. ಐದನೆಯದು ಇನ್ನೂ ಮಗ್ಗುಲಾಗಿ ಬಿದ್ದಿತ್ತು.